ನಮ್ಮ ಗೋಡೆಯ ಜೋಗ

ಪ್ರೀತಿಯ ಶಂಕರ,

ನಿನ್ನೆ ಬೆಳಗ್ಗೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವು ತಗೊಂಡು ಬರ್ತಾ ನಮ್ಮ ಗೋಡೆ ಮುಂದೆ ನಿಂತುಬಿಟ್ಟೆ. ಅಪ್ಪಾಜಿ ಬರೆದ ಜೋಗದಲ್ಲಿ ರಾಜ, ರಾಣಿ ಇನ್ನೂ ಧುಮುಕ್ತಾನೇ ಇವೆ. ರಾಕೆಟ್ ಇದ್ದ ಕಡೆ ಗಾರೆ ಉದುರಿ ಇಟ್ಟಿಗೆ ಕಾಣ್ತಿದೆ. ರೋರರ್ ಮೇಲೆ ಯಾರೋ ಪಿಜಿ ಚೀಟಿ ಅಂಟಿಸಿದ್ದಾರೆ. ಕಿತ್ತರೆ ಬಣ್ಣವೂ ಎದ್ದು ಬರುತ್ತೆ ಅಂತ ಮುಟ್ಟಲಿಲ್ಲ.

2009ರಲ್ಲಿ ಪಾಲಿಕೆಯವರು ಊರಿನ ಗೋಡೆಗಳಿಗೆ ಚಿತ್ರ ಬರೆಸೋಕೆ ಹೊರಟಾಗ ಬೋರ್ಡ್, ಸಿನಿಮಾ ಬ್ಯಾನರ್ ಬರೆಯೋರನ್ನೇ ಕರೆದರಲ್ಲ. ಫ್ಲೆಕ್ಸ್ ಬಂದು ಅವರ ಅನ್ನ ಹೋಗಿತ್ತು. ಕೆಂಪೇಗೌಡ ರಸ್ತೆಯ ಟಾಕೀಸುಗಳಿಗೆ ಮನೆಯಷ್ಟೆತ್ತರದ ಮುಖ ಬರೆದಿದ್ದ ಅಪ್ಪಾಜಿ ಕಿಟಕಿ ಸರಳಿಗೆ ಪೇಂಟ್ ಹೊಡೀತಿದ್ರು. (ಈಗ ಕಪಾಲಿಯೂ ಇಲ್ಲ.) ಗೋಡೆ ಕೆಲಸ ಸಿಕ್ಕ ದಿನ ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂಗೈಯಗಲದ ಫೋಟೋ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿದ್ರು. ಗೋಡೆ ಮೇಲೂ ಅಷ್ಟೇ ಚೌಕ, ಒಂದೊಂದೂ ಮೊಳದುದ್ದ. ಸೀಮೆಸುಣ್ಣದ ಪುಡಿ ಹಚ್ಚಿದ ದಾರಕ್ಕೆ ಆ ತುದಿ ನೀನು, ಈ ತುದಿ ನಾನು. ಅವರು ನಡುವೆ ಎಳೆದು ಟಪ್ ಅಂತ ಬಿಡೋರು. ಒಂದೊಂದೇ ಚೌಕ ತುಂಬ್ತಾ 830 ಅಡಿ ಜೋಗ ಒಂಬತ್ತಡಿ ಗೋಡೆಯಲ್ಲಿ ಇಳೀತು. ನಾವಿಬ್ಬರೂ ಅಲ್ಲೀವರೆಗೆ ಜೋಗ ನೋಡಿರಲಿಲ್ಲ. ಆಮೇಲೆ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಬೀದಿ.

ಇವೆಲ್ಲ ಕ್ಯಾಲೆಂಡರ್ ಚಿತ್ರ, ಕಲೆ ಅಲ್ಲ ಅಂತ ಹೇಳೋರಿದ್ದಾರೆ. ನಾನು ಒಪ್ಪೋದಿಲ್ಲ. ಈಗಿನ ಹುಡುಗರು ಬರೆಯೋ ದೊಡ್ಡ ದೊಡ್ಡ ಚಿತ್ರಗಳೂ ನನಗೆ ಇಷ್ಟ. ಆದರೆ ನೀರು ಬಂಡೆಗೆ ಬಡಿದು ಹೊಗೆಯಾಗೋದನ್ನ ಒಣ ಬ್ರಷ್‌ನಲ್ಲಿ ಹಾಗೆ ತೇಲಿಸೋ ಕೈ ಎಷ್ಟು ಜನಕ್ಕಿದೆ?

2018ರಲ್ಲಿ ಹೈಕೋರ್ಟ್ ಬಿಗಿ ಮಾಡಿ ಫ್ಲೆಕ್ಸ್ ನಿಂತಾಗ ಅಪ್ಪಾಜಿ ಬ್ರಷ್‌ಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿ ಕಾದರು ಅಂತ ನೀನೇ ಹೇಳಿದ್ದೆ. ಯಾರೂ ಕರೆಯಲಿಲ್ಲ ಅಂತಲೂ. ಆ ಮಾತು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ.

ಅದಕ್ಕೇ ಈ ಪತ್ರ. ಗೋಡೆ ಯಜಮಾನರ ಹತ್ತಿರ ಮಾತಾಡಿದೆ, ಗಾರೆ ಅವರು ಹಾಕಿಸ್ತಾರಂತೆ. ಬಣ್ಣದ ಖರ್ಚು ನಮ್ಮ ಬೀದಿಯವರದ್ದು. ಬಂಡೆಯ ಪಾಚಿಗೆ ಅಪ್ಪಾಜಿ ಹಸಿರಿನ ಜೊತೆ ಏನು ಬೆರೆಸ್ತಿದ್ರು ಅಂತ ಕೇಳಿ ಬರಿ. ಕೈ ನಡುಗುತ್ತೆ ಅಂದರೆ ಕುರ್ಚಿ ಹಾಕ್ತೀವಿ, ಕೂತು ಹೇಳಲಿ, ನಾವು ಬಳೀತೀವಿ. ಮಳೆ ಹಿಡಿಯೋ ಮುಂಚೆ ಬಂದುಬಿಡಿ. ದಾರದ ಆ ತುದಿ ಹಿಡಿಯೋಕೆ ನೀನೂ ಬೇಕು.

ನಿನ್ನ,
ರಘು