ನೋಡಿದೆನೋ, ನೋಡಿದೆನೆಂದುಕೊಂಡೆನೋ

ಬಂಗಾರಪೇಟೆ
ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಹಾಸ್ಟೆಲ್ಲಿನ ಊಟ, ಬೆಳಗಿನ ಪಾಳಿ, ರೈಲ್ವೆ ಡಿಪೋದಲ್ಲಿ ಕೊಟ್ಟ ಅಳತೆ ಮೀರಿದ ಬೂಟು, ಇವೆಲ್ಲ ನಿನ್ನ ಅಮ್ಮನ ಬಾಯಿಂದ ಮೊದಲೇ ತಿಳಿದಿದ್ದವಾದ್ದರಿಂದ ಅವುಗಳಿಗೆ ಉತ್ತರ ಬರೆಯುವುದಿಲ್ಲ. ಪತ್ರದ ಕೊನೆಯ ಪುಟದಲ್ಲಿ, ಹಳಿಯ ಕೆಳಗಿನ ಪಿಟ್ ಎಂಬ ಗುಂಡಿಗೆ ಇಳಿದು ಬೋಗಿಗಳ ತಳ ನೋಡುವ ಕೆಲಸದ ಬಗ್ಗೆ, ಬೇರೇನೋ ಹೇಳುತ್ತಾ ನಡುವೆ ಸೇರಿಸಿದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಪಿಟ್‌ನಿಂದ ಮೇಲೆ ಬಂದ ಮೇಲೆ ಬ್ರೇಕಿನ ಭಾಗಗಳು ಕಳಚದಂತೆ ಹಿಡಿಯುವ ಆ ಸ್ಪ್ಲಿಟ್ ಪಿನ್ ಇತ್ತೇ ಎಂದು ಕೇಳಿಕೊಂಡರೆ, ನಿಜವಾಗಿ ನೋಡಿದೆನೋ, ನೋಡಿದೆನೆಂದುಕೊಂಡೆನೋ ಗೊತ್ತಾಗುವುದಿಲ್ಲ ದೊಡ್ಡಮ್ಮ, ಅಷ್ಟು ಹೊತ್ತಿಗೆ ಬೋಗಿಗಳ ಇಡೀ ಸಾಲು, ರೇಕು, ಹೊರಟುಹೋಗಿರುತ್ತದೆ" ಎಂದು ಬರೆದು, ಮುಂದಿನ ಸಾಲಿನಲ್ಲೇ ಕ್ಯಾಂಟೀನಿನ ಚಿತ್ರಾನ್ನದ ಸುದ್ದಿಗೆ ಹೋಗಿಬಿಟ್ಟಿದ್ದೀಯೆ. ಹಾಗೆ ಅವಸರದಿಂದ ಚಿತ್ರಾನ್ನಕ್ಕೆ ಹೋದದ್ದನ್ನು ನೋಡಿಯೇ ನನಗೆ ಗಾಬರಿಯಾಯಿತು.

ನೀನು ತರಬೇತಿಗೆ ಬಂದ ವಿದ್ಯಾರ್ಥಿನಿ, ನೀನು ನೋಡಿದ ಬೋಗಿಯನ್ನು ಇನ್ನೊಬ್ಬರು ನೋಡಿಯೇ ಸಹಿ ಹಾಕುತ್ತಾರೆ, ಸಹಿ ನಿನ್ನದಲ್ಲ ಎಂದು ಮೊದಲು ಬರೆಯಹೊರಟಿದ್ದೆ. ಅದು ನಿಜವೇ ಆದರೂ ಅದರಿಂದ ನಿನಗೆ ನಿದ್ದೆ ಬರುವುದಿಲ್ಲವೆಂದು ನನಗೆ ಗೊತ್ತು, ಏಕೆಂದರೆ ಈ ಭಯ ಸಹಿಯನ್ನು ಹುಡುಕಿಕೊಂಡು ಬರುವಂಥದ್ದಲ್ಲ. ನಾಲ್ಕು ತಿಂಗಳ ತರಬೇತಿ ಮುಗಿದರೆ ಹೋಗುತ್ತದೆ ಎಂದು ನಿನ್ನ ಅಪ್ಪ ಹೇಳಬಹುದು. ಅವನಿಗೆ ಹಾಗೆ ಹೇಳುವ ಅಭ್ಯಾಸವಿದೆ.

ನಿನ್ನ ದೊಡ್ಡಪ್ಪ ರೈಲ್ವೆಯಲ್ಲಿ ಬೋಗಿಗಳನ್ನು ನೋಡಿಕೊಳ್ಳುವ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದ ಕೆಲಸ ಮುಗಿಸಿ ರಾತ್ರಿ ಬಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದುದರಲ್ಲಿ ಅರ್ಧದಷ್ಟನ್ನೂ ನಾನು ಆಗ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈಗ ಅವರಿಲ್ಲದಿರುವಾಗ, ನಿನ್ನ ಪತ್ರ ಕೈಯಲ್ಲಿ ಹಿಡಿದು, ಅದನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೇನೆ. ರೈಲ್ವೆಯವರು ಒಬ್ಬನ ಕಣ್ಣನ್ನು ಎಂದೂ ನಂಬಿದವರಲ್ಲ ಎನ್ನುವುದು ಅವರ ಮಾತು. ಗಾಡಿ ನಿಲ್ದಾಣದೊಳಕ್ಕೆ ಬರುವಾಗಲೇ ಹಳಿಯ ಎರಡು ಕಡೆಯೂ ಕುಕ್ಕರುಗಾಲಲ್ಲಿ ಕುಳಿತು, ಏನಾದರೂ ಜೋಲಾಡುತ್ತಿದೆಯೇ ಎಂದು ಟಾರ್ಚಿನ ಬೆಳಕಲ್ಲಿ ನೋಡುತ್ತಾ, ಸವೆದು ಚಪ್ಪಟೆಯಾದ ಗಾಲಿ ಹಳಿಗೆ ಬಡಿಯುವ ಸದ್ದಿಗೆ ಕಿವಿಗೊಡುವ ರೋಲಿಂಗ್ ಇನ್ ಪರೀಕ್ಷೆ ಒಂದು. ಗಾಡಿ ನಿಂತ ಮೇಲೆ ಗಾಲಿಯ ಅಚ್ಚಿನ ತುದಿಯ ಆಕ್ಸಲ್ ಬಾಕ್ಸ್ ಬಿಸಿಯಾಗಿದೆಯೇ ಎಂದು ನೋಡುವುದು ಇನ್ನೊಂದು. ಈಗ ಅದಕ್ಕೆ ಪಿಸ್ತೂಲಿನಂಥ ಥರ್ಮಾಮೀಟರ್ ಬಂದಿದೆಯೆಂದು ನೀನೇ ಬರೆದಿದ್ದೀಯೆ, ಅವರ ಕಾಲದಲ್ಲಿ ಅಂಗೈಯ ಹಿಂಬದಿಯನ್ನು ತಾಗಿಸಿ ನೋಡುತ್ತಿದ್ದರು, ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಹಣೆಗೂ ಅದೇ ಕೈ, ಅದೇ ರೀತಿ. ಥರ್ಮಾಮೀಟರ್ ಪಕ್ಕದಲ್ಲೇ ಇದ್ದರೂ ಹೀಗೇಕೆ ಎಂದು ನಾನು ರೇಗುತ್ತಿದ್ದೆ, ಆದರೆ ಅವರ ಅಂದಾಜು ತಪ್ಪುತ್ತಿದ್ದುದು ಕಡಿಮೆ.

ಆಮೇಲೆ ನೀನು ಇಳಿಯುವ ಪಿಟ್ ಲೈನು. ಅದಾದ ಮೇಲೆ ಬ್ರೇಕಿನ ಪರೀಕ್ಷೆ, ಬ್ರೇಕ್ ಪೈಪಿನಲ್ಲಿ 5 ಕೆ.ಜಿ., ಫೀಡ್ ಪೈಪಿನಲ್ಲಿ 6 ಕೆ.ಜಿ. ಗಾಳಿಯ ಒತ್ತಡ (ಚದರ ಸೆಂ.ಮೀ.ಗೆ) ನಿಂತಿದೆಯೇ, ಪ್ರತಿಯೊಂದು ಸಿಲಿಂಡರ್ ಹಿಡಿದು ಬಿಡುತ್ತಿದೆಯೇ ಎಂದು ಬೋಗಿಯಿಂದ ಬೋಗಿಗೆ ನಡೆದು ನೋಡುವುದು. ಡಿಪೋದಿಂದ ಪೂರ್ಣ ನಿರ್ವಹಣೆಯಾಗಿ ಹೊರಡುವ ಪ್ರಯಾಣಿಕರ ಗಾಡಿಯಲ್ಲಿ ನೂರಕ್ಕೆ ನೂರು ಬ್ರೇಕ್ ಕೆಲಸ ಮಾಡಬೇಕು, ಆ ಮಾತಿಗೆ ಬ್ರೇಕ್ ಪವರ್ ಸರ್ಟಿಫಿಕೇಟ್ ಎಂಬ ಕಾಗದವಿದೆ, ಅದರಲ್ಲಿ ನಿಮ್ಮ ಎಂಜಿನಿಯರ್ ಮಾತ್ರವಲ್ಲದೆ ಲೋಕೋ ಪೈಲಟ್ ಮತ್ತು ಗಾರ್ಡ್ ಕೂಡ ಸಹಿ ಹಾಕುತ್ತಾರೆ. ಗಾರ್ಡ್‌ಗಳನ್ನು 2022ರಿಂದ ಟ್ರೇನ್ ಮ್ಯಾನೇಜರ್ ಎನ್ನುತ್ತಾರಂತೆ, ಹೆಸರು ಬದಲಾದರೂ ಆ ಸಹಿ ಉಳಿದಿದೆ. ಗಾಡಿ ಹೊರಟ ಮೇಲೂ ದಾರಿಯುದ್ದಕ್ಕೂ ಸ್ಟೇಷನ್ನಿನವರು, ಗೇಟಿನವರು ಎದ್ದು ನಿಂತು ಅದು ಹಾದುಹೋಗುವವರೆಗೆ ನೋಡುತ್ತಾರೆ, ಹೊಗೆಯೋ ಜೋಲುವ ಸಾಮಾನೋ ಕಂಡರೆ ಕೆಂಪು ಬಾವುಟ ತೋರಿಸಬೇಕಾದುದು ಅವರ ಕೆಲಸ. ಇವರೆಲ್ಲರ ಕಣ್ಣಿಗೂ ಕಾಣದ, ಅಚ್ಚಿನ ಒಳಗೆ ಹುಟ್ಟುವ ಬಿರುಕಿಗಾಗಿ ವರ್ಕ್‌ಶಾಪಿನಲ್ಲಿ ಅಲ್ಟ್ರಾಸಾನಿಕ್ ಪರೀಕ್ಷೆ ಇದೆ. ನೀನು ಕೆಲಸ ಮಾಡುತ್ತಿರುವ ಹಳೆಯ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಬೋಗಿಗಳಿಗೆ ತಿಂಗಳಿಗೊಂದು, ಮೂರು ತಿಂಗಳಿಗೊಂದು ಶೆಡ್ಯೂಲ್ ಇದ್ದು, 18 ತಿಂಗಳಿಗೊಮ್ಮೆ ಅವು ಪೂರ್ತಿ ಬಿಚ್ಚಿಸಿಕೊಳ್ಳಲು ಹೋಗುತ್ತವೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇಷ್ಟನ್ನೂ ನಿನ್ನ ದೊಡ್ಡಪ್ಪ ಸಮಾಧಾನದ ಮಾತಾಗಿ ಹೇಳುತ್ತಿದ್ದರು. ನನಗೆ ಅದರಿಂದ ಪೂರ್ತಿ ಸಮಾಧಾನವಾಗುತ್ತಿರಲಿಲ್ಲ. ಇಷ್ಟು ಜನ ನೋಡುತ್ತಾರೆಂದರೆ ಪ್ರತಿಯೊಬ್ಬನೂ ಹಿಂದಿನವನು ನೋಡಿದ್ದಾನೆ, ಮುಂದಿನವನು ನೋಡುತ್ತಾನೆ ಎಂದುಕೊಂಡು ಸುಮ್ಮನಾಗುವುದಕ್ಕೂ ದಾರಿಯಾಗುತ್ತದಲ್ಲ ಎಂದು ಕೇಳುತ್ತಿದ್ದೆ. ಅವರು ತಟ್ಟೆಯಲ್ಲಿ ಕೈ ತೊಳೆದು ಏಳುತ್ತಿದ್ದರು. ಅವರು ಒಮ್ಮೆ ಮಾತ್ರ ಕೊಟ್ಟ ಉತ್ತರ ನನಗೆ ಸರಿಯೆನಿಸಿತು. ಗಾಲಿಗೆ ಬ್ರೇಕ್ ಒತ್ತುವ ಅಡ್ಡ ತೊಲೆಯ, ಅಂದರೆ ಬ್ರೇಕ್ ಬೀಮಿನ ಕೆಳಗೆ ಕಬ್ಬಿಣದ ಒಂದು ಪಟ್ಟಿಯನ್ನು ಕಟ್ಟಿರುತ್ತಾರಂತೆ, ಗಾಡಿ ಓಡುವಾಗ ಅದಕ್ಕೆ ಮಾಡಲು ಏನೂ ಕೆಲಸವಿಲ್ಲ, ಪಿನ್ ಕಳಚಿ ಬೀಮ್ ಬಿದ್ದರೆ ಹಳಿಗೆ ಬೀಳದ ಹಾಗೆ ಹಿಡಿದುಕೊಳ್ಳುವುದಕ್ಕೆಂದೇ ಅದು ಇದೆ. ಅದನ್ನು ಅಲ್ಲಿ ಹಾಕಿಸಿದವನಿಗೆ ಪಿನ್ನಿನ ಮೇಲೂ ನಂಬಿಕೆಯಿರಲಿಲ್ಲ, ಪಿನ್ ನೋಡುವವನ ಮೇಲೂ ಇರಲಿಲ್ಲ ಎಂದರು. ನಾಳೆ ಪಿಟ್‌ಗೆ ಇಳಿದಾಗ ಆ ಪಟ್ಟಿಯನ್ನು ಒಮ್ಮೆ ಗಮನಿಸು. ನಿನ್ನ ಭಯ ನಿನಗಿಂತ ಬಹಳ ಹಿಂದೆಯೇ ಅಲ್ಲಿಗೆ ಬಂದಿದೆ.

ನನಗೆ ಈ ಭಯದ ಪರಿಚಯ ಅವರಿಂದಾದದ್ದಲ್ಲ. ಕೋಲಾರದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ನರ್ಸಾಗಿದ್ದ ದಿನಗಳು ನಿನಗೆ ಕಥೆಯಾಗಿ ಮಾತ್ರ ಗೊತ್ತು. ಅಲ್ಲಿ ರಕ್ತ ಒರೆಸುವ ಮಾಪ್‌ಗಳನ್ನು ಐದೈದರ ಕಟ್ಟಾಗಿ ಎಣಿಸಿ ಬೋರ್ಡಿನ ಮೇಲೆ ಬರೆಯುತ್ತೇವೆ. ಶುರುಮಾಡುವ ಮೊದಲು ಒಮ್ಮೆ, ಹೊಟ್ಟೆಯನ್ನು ಮುಚ್ಚುವ ಮೊದಲು ಒಮ್ಮೆ, ಚರ್ಮ ಹೊಲಿಯುವ ಮೊದಲು ಇನ್ನೊಮ್ಮೆ, ಇಬ್ಬರು ಒಟ್ಟಿಗೆ, ಗಟ್ಟಿಯಾಗಿ ಹೇಳುತ್ತಾ ಎಣಿಸಬೇಕು. ಲೆಕ್ಕ ತಪ್ಪಿದರೆ ಎಂಥ ದೊಡ್ಡ ಸರ್ಜನ್ ಆದರೂ ಕೈ ತಡೆದು ನಿಲ್ಲಬೇಕು. ಮಾಪಿನ ನೇಯ್ಗೆಯೊಳಗೆ ಎಕ್ಸ್‌ರೇಯಲ್ಲಿ ಕಾಣುವ ಒಂದು ಎಳೆಯನ್ನು ಸೇರಿಸಿರುತ್ತಾರೆ, ಅದೂ ಆ ಬೀಮಿನ ಕೆಳಗಿನ ಪಟ್ಟಿಯ ಜಾತಿಯದೇ. ಲೆಕ್ಕ ಸರಿಯಿತ್ತು ಎಂದು ರಿಜಿಸ್ಟರಿನಲ್ಲಿ ನಾನೇ ಬರೆದು ಬಂದಿದ್ದರೂ, ಕೋಲಾರದಿಂದ ಬಸ್ಸು ಹತ್ತಿ ಬಂಗಾರಪೇಟೆಗೆ ಇಳಿಯುವಷ್ಟರಲ್ಲಿ, ಆ ಕೊನೆಯ ಕಟ್ಟಿನಲ್ಲಿ ಐದನ್ನು ನೋಡಿದೆನೋ, ಐದು ಇರುತ್ತವೆಂದು ಐದು ಎಂದೆನೋ ಎಂದು ಹೊಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ಯಾವ ರೋಗಿಗೂ ಏನೂ ಆಗಲಿಲ್ಲ, ಆ ಮಾತು ಬೇರೆ. ಏನೂ ಆಗಲಿಲ್ಲವೆಂಬ ಕಾರಣಕ್ಕೆ ಭಯ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ.

ಮಗು ಚಿಕ್ಕದೆಂದು ನಾನು ಥಿಯೇಟರ್ ಬಿಟ್ಟು ಹೊರರೋಗಿಗಳ ವಿಭಾಗಕ್ಕೆ ವರ್ಗ ಮಾಡಿಸಿಕೊಂಡೆ ಎಂದು ಮನೆಯಲ್ಲಿ ಎಲ್ಲರೂ ಇಂದಿಗೂ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಾ ಬಂದೆ. ಮಗುವನ್ನು ನೋಡಿಕೊಳ್ಳಲು ನಮ್ಮ ಅತ್ತೆ ಇದ್ದರು, ನಾನು ಬಿಟ್ಟದ್ದು ಆ ಬಸ್ಸಿನ ದಾರಿಯನ್ನು ತಾಳಲಾರದೆ. ನಿನ್ನ ದೊಡ್ಡಪ್ಪನಿಗೂ ಇದನ್ನು ಹೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ದಿನವಿಡೀ ಇಂಥದನ್ನೇ ನೋಡುವ ಕೆಲಸ ಮಾಡಿ ಬಂದು ಸಾರು, ಪಲ್ಯ, ಸಂಬಳದ ಮಾತಾಡಿ ಮಲಗಿದೆವು. ಅವರಿಗೂ ಈ ಭಯ ಇತ್ತೇ, ಊಟದ ನಡುವೆ ದೂರದಲ್ಲಿ ಗಾಡಿಯ ಸದ್ದಾದರೆ ತುತ್ತನ್ನು ಕೈಯಲ್ಲೇ ಹಿಡಿದು ಅವರು ಕೇಳುತ್ತಿದ್ದುದು ಅದಕ್ಕೇನಾ ಎಂದು ಕೇಳಬಹುದಾಗಿತ್ತು, ಕೇಳಲಿಲ್ಲ. ಈಗ ಕೇಳುವಂತಿಲ್ಲ. ವರ್ಗವಾದ ಮೇಲೆ ಭಯ ಹೋಯಿತೇ ಎಂದರೆ ಅದೂ ಇಲ್ಲ, ಅದು ಡ್ರೆಸಿಂಗ್ ರೂಮಿಗೆ ಬಂತು, ಅಲ್ಲಿಂದ ಗ್ಯಾಸಿನ ಕೀಲಿಗೆ, ಬಾಗಿಲಿನ ಬೀಗಕ್ಕೆ ಬಂದು ಕುಳಿತಿತು. ಅಲ್ಲಿ ಎಣಿಸಲು ಜೊತೆಗೊಬ್ಬರಿದ್ದರು, ಇಲ್ಲಿ ಒಬ್ಬಳೇ ಎಣಿಸಬೇಕಾಯಿತು.

ಆದ್ದರಿಂದಲೇ, ಬ್ರಾಂಚ್ ಬದಲಾಯಿಸಿ ಕಂಪ್ಯೂಟರಿಗೆ ಹೋಗಲೇ ಎಂದು ನೀನು ಕಂಸದೊಳಗೆ ಕೇಳಿದ್ದಕ್ಕೆ ನಾನು ಹೌದೆನ್ನಲೂ ಹಿಂಜರಿಯುತ್ತೇನೆ, ಬೇಡವೆನ್ನಲೂ ಹಿಂಜರಿಯುತ್ತೇನೆ. ಓದು ಇಷ್ಟವಿಲ್ಲದೆ ಬಿಡುವುದಾದರೆ ಧಾರಾಳವಾಗಿ ಬಿಡು. ಈ ಒಂದು ಪಿನ್ನಿಗಾಗಿ ಬಿಡುವುದಾದರೆ, ಸ್ವಲ್ಪ ತಡೆದು ನೋಡು ಎನ್ನುವಷ್ಟು ಮಾತ್ರ ನನ್ನ ಅನುಭವಕ್ಕೆ ಹಕ್ಕಿದೆ.

ನಿನ್ನ ಪತ್ರವನ್ನು ಮತ್ತೆ ಓದುವಾಗ ಒಂದು ವಿಷಯ ಹೊಳೆಯಿತು. ಗಾಲಿಗಳ ಒಳಮೈ ನಡುವಿನ ಅಂತರ 1600 ಮಿ.ಮೀ. ಇದೆಯೇ ಎಂದು ಗೇಜ್ ಇಟ್ಟು ನೋಡಿದ್ದನ್ನು ಎಷ್ಟು ಉತ್ಸಾಹದಿಂದ ಬರೆದಿದ್ದೀಯೆ, ಬೋಗಿಯ ತುದಿಯ ಬಫರಿನ ಎತ್ತರ ಅಳೆದದ್ದನ್ನೂ ಹಾಗೆಯೇ. ಅವುಗಳ ಬಗ್ಗೆ ನಿನಗೆ ರಾತ್ರಿ ಅನುಮಾನ ಬರುವುದಿಲ್ಲ, ಏಕೆಂದರೆ ಅಂಕಿಯೊಂದು ಪುಸ್ತಕದಲ್ಲಿ ಉಳಿದಿರುತ್ತದೆ. ಪಿನ್ ಇದೆ ಎಂಬುದಕ್ಕೆ ಅಂಕಿಯಿಲ್ಲ, ಇದ್ದದ್ದನ್ನು ಇದೆ ಎಂದು ನೋಡಿದ ನೋಟ ಮನಸ್ಸಿನಲ್ಲಿ ಗುರುತನ್ನೇ ಬಿಡುವುದಿಲ್ಲ. ಥಿಯೇಟರಿನಲ್ಲಿ ಮಾಪ್‌ಗಳನ್ನು ನೋಡು ಎನ್ನದೆ ಎಣಿಸು ಎಂದದ್ದು ಇದಕ್ಕೇ ಇರಬೇಕು. ನೀನೂ ಬೋಗಿಯ ಕೆಳಗೆ ಗಾಲಿಗಳನ್ನು ಹೊತ್ತ ಚೌಕಟ್ಟಾದ ಒಂದು ಟ್ರಾಲಿಯಲ್ಲಿ ಎಷ್ಟು ಪಿನ್ ಇರಬೇಕೆಂದು ಮೊದಲೇ ತಿಳಿದುಕೊಂಡು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು ಎಣಿಸಿದರೆ ಹೇಗೆ? ನಗುತ್ತಾರೆ ಎಂದುಕೊಳ್ಳಬೇಡ, ಲೋಕೋ ಪೈಲಟ್‌ಗಳು ಎಂಜಿನ್ನಿನಲ್ಲಿ ಪ್ರತಿ ಸಿಗ್ನಲನ್ನೂ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ನಿಮ್ಮ ಡಿಪೋದ ಪದ್ಧತಿ ಬೇರೆಯಿದ್ದರೆ ನನ್ನ ಮಾತು ಬಿಟ್ಟುಬಿಡು, ನಾನು ಪಿಟ್ ಇಳಿದವಳಲ್ಲ.

ಯಾವಾಗಲೂ ಒಂದೇ ಕಡೆಯಿಂದ ಶುರುಮಾಡುವುದು ಒಳ್ಳೆಯದೆನಿಸುತ್ತದೆ. ನಡುವೆ ಯಾರಾದರೂ ಕರೆದರೆ, ಫೋನ್ ಬಂದರೆ, ಬಿಟ್ಟ ಕಡೆಯಿಂದ ಮುಂದುವರಿಸದೆ ಆ ಟ್ರಾಲಿಯನ್ನು ಮೊದಲಿನಿಂದ ನೋಡು, ನಮ್ಮಲ್ಲಿ ಲೆಕ್ಕ ತಪ್ಪುತ್ತಿದ್ದುದು ಹೆಚ್ಚಾಗಿ ಬಾಗಿಲಲ್ಲಿ ಯಾರೋ ಹೆಸರು ಕೂಗಿದಾಗ. ರೇಕಿನ ಎರಡೂ ಕಡೆ ಕೆಂಪು ಬಾವುಟ ಕಟ್ಟಿದ್ದನ್ನು ನಿನ್ನ ಕಣ್ಣಿಂದ ನೋಡದೆ ಕೆಳಗೆ ಇಳಿಯಬೇಡ, ಇದನ್ನು ಮಾತ್ರ ನಾನು ಹಿಂಜರಿಯದೆ ಹೇಳುತ್ತೇನೆ. ಬೆಳಗಿನ ಪಾಳಿಗೆ ಬರಿಹೊಟ್ಟೆಯಲ್ಲಿ ಹೋಗುತ್ತೀಯಂತೆ, ಹಸಿದ ಕಣ್ಣು ಸರಿಯಾಗಿ ಕಾಣುವುದಿಲ್ಲ, ಎರಡು ಬಾಳೆಹಣ್ಣಾದರೂ ತಿಂದು ಹೋಗು.

ರಾತ್ರಿ ಆ ಅನುಮಾನ ಬಂದಾಗ ಏನು ಮಾಡಬೇಕೆಂದು ನನಗೆ ತಿಳಿದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ನಿನ್ನ ಜೊತೆ ಪಿಟ್‌ನಲ್ಲಿರುವ ಆ ಹಿರಿಯ ಫಿಟ್ಟರ್ ಮಾತು ಕಡಿಮೆಯಾದರೂ ಒರಟರಲ್ಲ ಎಂದು ಬರೆದಿದ್ದೀಯೆ. ಅವರಲ್ಲಿ ಕೇಳು. ಇಷ್ಟು ವರ್ಷದಲ್ಲಿ ನಿಮಗೆ ಹೀಗಾಗಿದೆಯೇ, ಆದಾಗ ಏನು ಮಾಡಿದಿರಿ ಎಂದು ಕೇಳು, ರೇಕು ಇನ್ನೂ ಪಿಟ್ ಮೇಲೆ ಇರುವಾಗಲೇ ಅನುಮಾನ ಬಂದರೆ ಮತ್ತೆ ಇಳಿದು ನೋಡಲು ಬಿಡುತ್ತೀರಾ ಎಂದೂ ಕೇಳು. ಅವರು ಬೈದರೂ ಚಿಂತೆಯಿಲ್ಲ, ಇಳಿಯಲು ಬಿಟ್ಟರೆ ಸಾಕು. ಮುಂದಿನ ಪತ್ರದಲ್ಲಿ ಬೇರೆ ಸುದ್ದಿಗೆ ಮೊದಲು ಅವರು ಏನೆಂದರು ಎಂಬುದನ್ನು ಬರೆ. ನಾನು ಥಿಯೇಟರ್ ಬಿಟ್ಟ ಕಾರಣವನ್ನು ನಿನ್ನ ಅಮ್ಮನಿಗೆ ನೀನು ಹೇಳುವುದು ಬೇಡ, ದೀಪಾವಳಿಗೆ ಎಲ್ಲರೂ ಬಂದಾಗ ನಾನೇ ಹೇಳುತ್ತೇನೆ.

ಇಂತು ನಿನ್ನ
ದೊಡ್ಡಮ್ಮ