ತಮ್ಮನ ಪಕ್ಕ ಕೂತವರಿಗೆ

ತಮ್ಮ ಈ ಸೋಮವಾರದಿಂದ ಮತ್ತೆ ಅಂಗಡಿಗೆ ಹೋಗುತ್ತಿದ್ದಾನೆ. ಸದ್ಯಕ್ಕೆ ಅರ್ಧ ದಿನ ಅಷ್ಟೇ. ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿ ಬಂದದ್ದು ನಿಮಗೆ ಗೊತ್ತೇ ಇದೆ. ಎಚ್‌ಐವಿ ಅಂತ ಬರೆಯಲಾ ಎಂದು ಅವನನ್ನೇ ಕೇಳಿದೆ. "ಬರಿ ಅಕ್ಕಾ, ಮುಚ್ಚಿಟ್ಟಿದ್ದಕ್ಕ ಅಲ್ಲೇನು ಇಷ್ಟು ತಡ ಆಗಿದ್ದು" ಅಂದ.

ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ ಗುಳಿಗೆ) ಸೆಂಟರಿನವರು, ವಾರ್ಡಿನ ಡಾಕ್ಟರು, ನರ್ಸುಗಳು, ಅವನ ಕೆಲಸ ಹಾಗೇ ಇಟ್ಟುಕೊಂಡಿದ್ದ ಅಂಗಡಿ ಮಾಲೀಕರು, ದಿನಾ ಗಂಜಿ ಕಳಿಸಿದ ಪಕ್ಕದ ಮನೆ ಕಾಕಿ, ರಕ್ತ ಕೊಟ್ಟ ಗೆಳೆಯರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಸಂಘದ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅವರೂ ಎಚ್‌ಐವಿ ಜೊತೆ ಬದುಕುತ್ತಿರುವವರು. ಸರ್ಕಾರ 2004ರಲ್ಲಿ ಉಚಿತ ಎಆರ್‌ಟಿ ಶುರು ಮಾಡುವ ಮೊದಲೇ ಗಂಡನನ್ನು ಕಳೆದುಕೊಂಡವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಒಂದು ಕಡೆ ರಿಪೋರ್ಟ್ ನೋಡಿದ ಮೇಲೆ ಬೆಡ್ ಇಲ್ಲ ಅಂದಿದ್ದರು. ಹಾಗೆ ಮಾಡುವುದು 2017ರ ಎಚ್‌ಐವಿ ಕಾನೂನಿಗೆ ವಿರುದ್ಧ ಅಂತ ನನಗೆ ಹೇಳಿದ್ದೂ, ಈ ವಾರ್ಡಿಗೆ ಕರೆತಂದಿದ್ದೂ ಅಕ್ಕನೇ. ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ಅಂದ ತಕ್ಷಣ ಅಮ್ಮ ಅಳೋಕೆ ಶುರು ಮಾಡಿದರು. ಇನ್ನು ಮುಗೀತು ಅಂತಲೇ ನಾವೆಲ್ಲ ತಿಳಿದಿದ್ದೆವು. ಆದರೆ ಎಆರ್‌ಟಿ ನಿಲ್ಲಿಸಲೇ ಇಲ್ಲ. ಬಾಯಿ, ಗಂಟಲಿನ ತುಂಬ ಫಂಗಸ್ ಆಗಿ ಅವನಿಗೆ ಗುಳಿಗೆ ನುಂಗೋಕೇ ಆಗುತ್ತಿರಲಿಲ್ಲ. ಅದಕ್ಕೆ ಮದ್ದು ಕೊಟ್ಟು, ನೋವು ಇಳಿಸಿದ ಮೇಲೆ ಗುಳಿಗೆ ಒಳಗೆ ಹೋಯಿತು.

ಆ ಕೆಟ್ಟ ರಾತ್ರಿ ತಮ್ಮ "ಸಾಕು, ಬಿಟ್ಟುಬಿಡ್ರಿ" ಅಂತ ಒಂದೇ ಸಮನೆ ಅನ್ನುತ್ತಿದ್ದ. ಪಾದ ಉರಿಯುತ್ತಿತ್ತು, ಮೇಲೆ ಹೊದಿಕೆ ಸೋಕಿದರೂ ಚೀರುತ್ತಿದ್ದ. ಕಾರಿಡಾರಿಗೆ ಹೋಗಿ ನಾನೂ ದೇವರನ್ನು ಅದನ್ನೇ ಕೇಳಿದೆ. ಇವನನ್ನು ಕರೆದುಕೊಂಡು ಹೋಗು ಅಂತ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ವಾಪಸ್ ಬಂದಾಗ ಅಕ್ಕ ಬರಿಗೈಯಲ್ಲೇ ಅವನ ತಲೆ ಎತ್ತಿ ಹಿಡಿದಿದ್ದರು. ಇನ್ನೊಂದು ಕೈ ಬೆರಳಿಗೆ ಹಸಿ ಗಾಜ್ ಬಟ್ಟೆ ಸುತ್ತಿಕೊಂಡು ಅವನ ತುಟಿ ಒರೆಸುತ್ತಿದ್ದರು. ನೋವಿನ ಮದ್ದು ಮಾರ್ಫಿನ್ ಹೊತ್ತು ತಪ್ಪಬಾರದು ಅಂತ ಮೊಬೈಲಿನಲ್ಲಿ ನಾಲ್ಕು ತಾಸಿಗೊಮ್ಮೆ ಅಲಾರಾಂ ಇಟ್ಟಿದ್ದರು. "ನೋವು ಬರೂತನಕ ಕಾಯಬ್ಯಾಡವ್ವಾ, ಗಡಿಯಾರ ನೋಡಿ ಕೊಡಬೇಕು. ನಮ್ಮ ಮನಿಯವರಿಗೆ ಇದೊಂದೂ ಸಿಗಲಿಲ್ಲ" ಅಂದರು. ಬೆಳಗಿನ ಜಾವ ಅವನು ನಿದ್ದೆ ಹೋದ. ಅಕ್ಕ ಅಲ್ಲಿಂದಲೇ ಸೀದಾ ಕೆಲಸಕ್ಕೆ ಹೋದರು, ಸಂಜೆ ಮತ್ತೆ ಬಂದರು.

ಅಕ್ಕಾ, ನಿಮ್ಮ ಋಣ ನಾನು ತೀರಿಸಲಾರೆ. ನಿಮ್ಮಿಂದ ಕಲಿತದ್ದನ್ನು ಬೇರೆ ಮನೆಯವರಿಗೂ ಮಾಡುತ್ತೇನೆ. ಮುಂದಿನ ವಾರದಿಂದ ಭಾನುವಾರಗಳಲ್ಲಿ ವಾರ್ಡಿಗೆ ಬರುತ್ತೇನೆಂದು ನರ್ಸಿಗೆ ಹೇಳಿಯೂ ಆಗಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಒದ್ದಾಡುತ್ತಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಇಲ್ಲಾ ನನಗೇ ಹೇಳಿ, ಜೊತೆಗೆ ಬರುತ್ತೇನೆ. ತಮ್ಮನನ್ನು ನೋಡಬೇಕು ಅನ್ನುವವರು ಸಂಜೆ ಐದರ ಮೇಲೆ ಬನ್ನಿ, ಮಧ್ಯಾಹ್ನ ಮಲಗಿರುತ್ತಾನೆ.