ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದು

ಮುಂಬೈ, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರಗಳು.

ಘಟ್ಟ ಇಳಿದರೆ ಪರದೇಶ ಎನ್ನುವ ಅಜ್ಜಿಯ ಲೆಕ್ಕದಲ್ಲಿ ನಾನು ವಿದೇಶದಲ್ಲಿದ್ದೇನೆ. ಹಾಗಾಗಿ ಫೋನು ಬದಿಗಿಟ್ಟು ಪತ್ರವನ್ನೇ ಬರೆಯುತ್ತಿದ್ದೇನೆ. ನೀನು ಕಳುಹಿಸಿದ ಕೊಬ್ಬರಿ ಎಣ್ಣೆ ತಲುಪಿತು ಅಮ್ಮ, ಒಂದು ಹನಿಯೂ ಸೋರಿಲ್ಲ. ಆದರೆ ನಮ್ಮ ಪ್ರಯೋಗಾಲಯಕ್ಕೆ ಎಣ್ಣೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಕಳೆದ ವಾರ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಬಡಿಸುವ ಕುಂದಾಪುರದ ಅಣ್ಣ ನಮ್ಮ ಇಇಜಿ, ಅಂದರೆ ನೆತ್ತಿಯ ಮೇಲಿಂದ ಮೆದುಳಿನ ವಿದ್ಯುತ್ತನ್ನು ಅಳೆಯುವ ಪ್ರಯೋಗಕ್ಕೆ ಒಪ್ಪಿ ಬಂದಿದ್ದರು. 'ತಲೆ ತೊಳೆದುಕೊಂಡು ಬನ್ನಿ' ಎಂದಿದ್ದೆ. ಅವರು ತೊಳೆದು, ಶಿಸ್ತಾಗಿ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಂದಿದ್ದರು! ಒಂದು ವೋಲ್ಟನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ 50 ಪಾಲಿನಷ್ಟು ನೆತ್ತಿಯ ಮೇಲೆ ಸಿಕ್ಕರೆ ನಮ್ಮ ಪುಣ್ಯ. ನಡುವೆ ಎಣ್ಣೆ ಬಂದರೆ ಅದೂ ಇಲ್ಲ. ಶಾಂಪೂ ತಂದುಕೊಟ್ಟು ಮತ್ತೆ ತೊಳೆಸಿದೆ. 32 ವಿದ್ಯುದ್ವಾರಗಳ ಟೊಪ್ಪಿ ಹಾಕಿ, ಕೂದಲು ಸರಿಸಿ ಸರಿಸಿ, ಒಂದೊಂದಕ್ಕೂ ಮೊಂಡು ಸಿರಿಂಜಿನಿಂದ ಜೆಲ್ ತುಂಬಿದೆ. ಅವರು ಕಣ್ಣು ಮುಚ್ಚಿದೊಡನೆ ತಲೆಯ ಹಿಂಭಾಗದ ವಿದ್ಯುದ್ವಾರಗಳಿಂದ ಪರದೆಯ ಮೇಲೆ ಮೂಡುವ ಗೆರೆಗಳಲ್ಲಿ ಸೆಕೆಂಡಿಗೆ ಹತ್ತರಂತೆ ಅಲೆಗಳು ಎದ್ದವು. ಕಣ್ಣು ತೆರೆದರೆ ಮಾಯ. ಮನುಷ್ಯನ ಮೆದುಳಿನ ಅಲೆಯನ್ನು 1924ರಲ್ಲಿ ಮೊದಲು ದಾಖಲಿಸಿದ ಜರ್ಮನಿಯ ಹಾನ್ಸ್ ಬರ್ಗರ್, ತನ್ನ ಮಗನ ತಲೆಯನ್ನೂ ಪ್ರಯೋಗಕ್ಕೆ ಬಳಸಿಕೊಂಡಿದ್ದ. ಅಪ್ಪ, ನೀವು ನನ್ನನ್ನು ಗದ್ದೆಗೆ ಇಳಿಸಿದ್ದೇ ವಾಸಿ.

'ನನ್ನ ಸಾಲದ ಲೆಕ್ಕವೂ ಇದರಲ್ಲಿ ಕಾಣುತ್ತದೆಯೇ?' ಎಂದು ಅಣ್ಣ ಕೇಳಿದರು. ಯಂತ್ರ ಮನಸ್ಸನ್ನು ಓದುತ್ತದಂತೆ ಎಂದು ಅಪ್ಪ ಕತ್ತರಿಸಿ ಕಳುಹಿಸಿದ ಸುದ್ದಿಗೂ ಅವರಿಗೆ ಹೇಳಿದ್ದೇ ಉತ್ತರ. 2023ರಲ್ಲಿ ಜಪಾನಿನ ಒಸಾಕಾದ ಸಂಶೋಧಕರು ಮೆದುಳಿನ ಸ್ಕ್ಯಾನಿನಿಂದ, ಆ ವ್ಯಕ್ತಿ ನೋಡಿದ ಚಿತ್ರವನ್ನು ಹೋಲುವ ಚಿತ್ರ ಮೂಡಿಸಿದ್ದು ನಿಜ. ಆದರೆ ಅದಕ್ಕೆ ನಾಲ್ವರು ತಲಾ 40 ಬಾರಿ ಸ್ಕ್ಯಾನರಿನಲ್ಲಿ ಮಲಗಿ ಸಾವಿರಾರು ಚಿತ್ರ ನೋಡಿದ್ದರು. ಒಬ್ಬರಿಂದ ಕಲಿತದ್ದು ಇನ್ನೊಬ್ಬರಿಗೆ ಹಾಗೆಯೇ ಒಗ್ಗುವುದಿಲ್ಲ. ಸಾಲ ಗುಟ್ಟಾಗಿಯೇ ಇರುತ್ತದೆ.

ಹಾಗಾದರೆ ನೀನು ಮಾಡುವುದೇನು ಎಂದು ಅಮ್ಮ ಪ್ರತಿ ಸಲ ಕೇಳುತ್ತೀಯಲ್ಲ. ನಿನ್ನ ಸಂದು ಚುಕ್ಕಿಯ ರಂಗೋಲಿಯನ್ನೇ ನೆನೆದುಕೋ. ಬರೆದು ಮುಗಿಸಿದ ಮೇಲೆ ನೋಡುವವರಿಗೆ ಬಳ್ಳಿಯಷ್ಟೇ ಕಾಣುತ್ತದೆ; ಅದನ್ನು ಹಿಡಿದಿಟ್ಟ ಚುಕ್ಕಿಗಳು ಕಣ್ಣಿಗೆ ಬೀಳುವುದಿಲ್ಲ. ಆ 32 ಗೆರೆಗಳು ನನ್ನ ಬಳ್ಳಿ. ಅವುಗಳ ಅಡಿಯಲ್ಲಿರುವ ಕೆಲವೇ ಚುಕ್ಕಿಗಳನ್ನು ಕಂಪ್ಯೂಟರ್ ತಾನಾಗಿ ಊಹಿಸಬೇಕು, ಆ ಚುಕ್ಕಿಗಳಿಂದಲೇ ಹೊಸ ಬಳ್ಳಿ ಎಳೆಯಬೇಕು. ಕಿಂಗ್ಮಾ, ವೆಲಿಂಗ್ ಎಂಬಿಬ್ಬರು ಸಂಶೋಧಕರು 2013ರಲ್ಲಿ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದರು. ನಾನು ಅದರಲ್ಲೇ ನಡೆಯುತ್ತಿದ್ದೇನೆ, ಎಡವುತ್ತಾ.

ಎಡವಿದ್ದನ್ನೂ ಹೇಳಿಬಿಡುತ್ತೇನೆ. ಮಳೆಗಾಲದ ಮೊದಲು ನನ್ನ ಕಂಪ್ಯೂಟರ್ ಮಾದರಿ ಬರೆದ ಅಲೆಗಳು ಎಷ್ಟು ಚೆನ್ನಾಗಿದ್ದವೆಂದರೆ, ಅಸಲಿ ಯಾವುದೆಂದು ನನಗೇ ಗುರುತಾಗಲಿಲ್ಲ. ಎರಡು ದಿನ ಬೀಗಿಕೊಂಡು ತಿರುಗಿದೆ. ಮೂರನೆಯ ದಿನ ಕಂಪನಗಳನ್ನು ಬಿಡಿಸಿ ನೋಡಿದರೆ 50 ಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 50 ಕಂಪನದ ಜಾಗದಲ್ಲಿ, ತೆಂಗಿನ ಮರದಂತೆ ಒಂದು ಗೆರೆ ನಿಂತಿತ್ತು. ಅದು ಮೆದುಳಲ್ಲ ಅಮ್ಮ, ಗೋಡೆಯ ಪ್ಲಗ್ಗಿನ ವಿದ್ಯುತ್ತು. ಅದನ್ನು ಸೋಸಿ ತೆಗೆಯಲು ನಾನೇ ಮರೆತಿದ್ದೆ. ಪಾಪ, ಯಂತ್ರ ಇರುವ ಐದು ಚುಕ್ಕಿಗಳಲ್ಲಿ ಒಂದನ್ನು ಪ್ಲಗ್ಗಿಗೇ ಮೀಸಲಿಟ್ಟು ಶ್ರದ್ಧೆಯಿಂದ ಕಲಿತಿತ್ತು. ಮೂರು ತಿಂಗಳ ಕೆಲಸ ಮತ್ತೆ ಮೊದಲಿನಿಂದ. 'ಯಾವಾಗ ಮುಗಿಯುತ್ತದೆ' ಎಂದು ಚಿಕ್ಕಪ್ಪ ಕೇಳಿದರೆ ಇದನ್ನು ಓದಿ ಹೇಳಬೇಡ. ಮುಂದಿನ ವರ್ಷ ಎಂದಷ್ಟೇ ಹೇಳು.

ದೀಪಾವಳಿಗೆ ಬರುತ್ತೇನೆ. ಎಣ್ಣೆ ಸ್ನಾನಕ್ಕೆ ಬಾಕಿಯನ್ನೆಲ್ಲ ಸೇರಿಸಿ ಹಚ್ಚು. ಮುಂದಿನ ಪತ್ರದಲ್ಲಿ ಹೊಸ ರಂಗೋಲಿಯೊಂದನ್ನು ಬರೆದು ಕಳುಹಿಸು, ಎಷ್ಟು ಚುಕ್ಕಿ ಎಂದು ಮಾತ್ರ ಹೇಳಬೇಡ.

ಈ ಸಲದ ಎಣ್ಣೆ ಬಾಟಲಿಯನ್ನು ಇವತ್ತು ಕಾಂಜೂರ್‌ಮಾರ್ಗದಿಂದ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋಗಿ ಆ ಅಣ್ಣನಿಗೆ ಕೊಟ್ಟು ಬಂದೆ. ತೊಳೆಸಿದವನು ನಾನೇ ತಾನೇ?

ನಿಮ್ಮ ಮಗ